ಐಕಾನ್ ಒತ್ತಿದ್ರೂ ಆಪ್ ತೆರ್ಕೊಳ್ತಿಲ್ಲ, ಯಾಕೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಲಿನಕ್ಸ್‌ದೇ, ಅದ್ರಲ್ಲೂ ಸ್ಯಾಂಡ್‌ಬಾಕ್ಸ್ ಒಳಗೆ, ಅಂದ್ರೆ ಸಿಸ್ಟಮ್‌ನ ಮಿಕ್ಕ ಭಾಗ ಮುಟ್ಟದ ಹಾಗೆ ಬೇಲಿ ಹಾಕಿದ ಜಾಗದಲ್ಲಿ, ಓಡೋ ಆಪ್‌ಗಳದ್ದು. ಹಾಗಾಗಿ ಎಲ್ಲಾ ಒಟ್ಟಿಗೇ ತಗೊಂಡಿದ್ದೀನಿ.

ಪ್ರಶ್ನೆ: ಸರ್, ನನ್ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04 ಇತ್ತು, ಈಚೆಗೆ 24.04ಕ್ಕೆ ಅಪ್‌ಗ್ರೇಡ್ ಮಾಡ್ಕೊಂಡೆ. ಅಲ್ಲೀತನಕ ಚೆನ್ನಾಗಿ ಓಡ್ತಿದ್ದ ನೋಟ್ಸ್ ಬರೆಯೋ ಆಪ್‌ಇಮೇಜ್ (ಇನ್‌ಸ್ಟಾಲ್ ಮಾಡ್ದೇನೇ ಓಡೋ ಒಂದೇ ಫೈಲಿನ ಆಪ್) ಈಗ ಡಬಲ್ ಕ್ಲಿಕ್ ಮಾಡಿದ್ರೆ ಏನೂ ಆಗಲ್ಲ, ಎರರ್ ಕೂಡ ತೋರ್ಸಲ್ಲ. ಗೆಳೆಯರೊಬ್ರು ಕಮಾಂಡ್‌ನ ಕೊನೇಲಿ ನೋ-ಸ್ಯಾಂಡ್‌ಬಾಕ್ಸ್ (ಸ್ಯಾಂಡ್‌ಬಾಕ್ಸ್ ಬೇಡ) ಅಂತ ಸೇರ್ಸಿ ಓಡ್ಸು ಅಂದ್ರು, ಓಡ್ತು. ಹಂಗೇ ಬಿಟ್ಬಿಡ್ಲಾ? (ಶಿವಮೊಗ್ಗದ ಓದುಗರು)

ಉತ್ತರ: ಬಿಡಬೇಡಿ. ಆಪ್ ಓಡ್ತು ಅನ್ನೋದು ನಿಜ, ಆದ್ರೆ ಬಾಗಿಲು ಅಂಟ್ಕೊಂಡಿದೆ ಅಂತ ಬಾಗಿಲನ್ನೇ ಕಿತ್ತಿಟ್ಟ ಹಾಗಾಯ್ತು ಅದು. ಇಂಥ ಆಪ್‌ಗಳು ಬಹಳಷ್ಟು ಎಲೆಕ್ಟ್ರಾನ್‌ನಲ್ಲಿ ಮಾಡಿರೋವು, ಅಂದ್ರೆ ಒಳಗಡೆ ಇರೋದು ಕ್ರೋಮಿಯಂ ಬ್ರೌಸರೇ. ನೀವು ವೆಬ್‌ನಿಂದ ಏನೋ ಕಾಪಿ ಮಾಡಿ ನೋಟ್ಸ್‌ಗೆ ಹಾಕ್ತೀರ, ಅದ್ರಲ್ಲಿ ಏನಾದ್ರೂ ಕಿಡಿಗೇಡಿ ಕೋಡ್ ಇದ್ರೆ ಅದು ನಿಮ್ ಫೋಟೋ, ಬ್ಯಾಂಕ್ ಪಿಡಿಎಫ್, ಪಾಸ್‌ವರ್ಡ್ ಫೈಲ್ ತನಕ ಹೋಗದೇ ಇರೋ ಹಾಗೆ ತಡೆಯೋಕೆ ಅಂತಾನೇ ಆ ಸ್ಯಾಂಡ್‌ಬಾಕ್ಸ್ ಇರೋದು.

ಹಾಗಾದ್ರೆ ಅಪ್‌ಗ್ರೇಡ್ ಆದ್ಮೇಲೆ ಯಾಕೆ ಕೆಟ್ಟೋಯ್ತು? ಕ್ರೋಮಿಯಂ ತನ್ನ ಸ್ಯಾಂಡ್‌ಬಾಕ್ಸ್ ಕಟ್ಟೋಕೆ ಲಿನಕ್ಸ್ ಕರ್ನೆಲ್‌ನ (ಸಿಸ್ಟಮ್‌ನ ತಿರುಳು) ಯೂಸರ್ ನೇಮ್‌ಸ್ಪೇಸ್ ಅನ್ನೋದನ್ನ ಬಳ್ಸುತ್ತೆ. ಇದ್ರಲ್ಲಿ ಸಾಮಾನ್ಯ ಬಳಕೆದಾರರ ಪ್ರೋಗ್ರಾಂಗೂ ಒಂದು ಪ್ರತ್ಯೇಕ ಕೋಣೆ ಸಿಗುತ್ತೆ, ಆ ಕೋಣೆ ಒಳಗೆ ಮಾತ್ರ ಅದು ರೂಟ್ ಥರ, ಅಂದ್ರೆ ಎಲ್ಲಾ ಅಧಿಕಾರ ಇರೋ ಬಳಕೆದಾರರ ಥರ, ಇರ್ಬಹುದು. ತೊಂದ್ರೆ ಏನಂದ್ರೆ ಕರ್ನೆಲ್‌ನ ಕೆಲವು ದೋಷಗಳನ್ನ ಮುಟ್ಟೋಕೆ ದಾಳಿಕೋರರೂ ಇದೇ ಕೋಣೆಯಿಂದಾನೇ ನುಗ್ತಿದ್ರು. ಅದಕ್ಕೆ 2024ರ ಏಪ್ರಿಲ್‌ನಲ್ಲಿ ಬಂದ 24.04ರಲ್ಲಿ, ಆಪ್‌ಆರ್ಮರ್ (ಯಾವ ಪ್ರೋಗ್ರಾಂ ಏನೇನು ಮಾಡ್ಬಹುದು ಅಂತ ಕಾಯೋ ಕಾವಲುಗಾರ) ಪ್ರೊಫೈಲ್, ಅಂದ್ರೆ ನಿಯಮದ ಫೈಲ್, ಇರೋ ಪ್ರೋಗ್ರಾಂಗೆ ಮಾತ್ರ ಈ ಸೌಲಭ್ಯ, ಮಿಕ್ಕಿದ್ದಕ್ಕಿಲ್ಲ ಅಂತ ಡೀಫಾಲ್ಟ್ ಆಗೇ ಬಿಗಿ ಮಾಡಿದ್ರು. ಉಬುಂಟುದೇ ರೆಪೋದಿಂದ (ಸಾಫ್ಟ್‌ವೇರ್ ಭಂಡಾರ) ಬರೋ ಬ್ರೌಸರ್‌ಗಳಿಗೆ ಪ್ರೊಫೈಲ್ ಇರುತ್ತೆ, ನೀವು ಡೌನ್‌ಲೋಡ್ಸ್‌ನಲ್ಲಿ ಇಟ್ಕೊಂಡಿರೋ ಆಪ್‌ಇಮೇಜ್‌ಗೆ ಎಲ್ಲಿಂದ ಬರ್ಬೇಕು? ಬಿಗಿ ಮಾಡಿದ್ದು ಸರಿಯಾದ ಕೆಲ್ಸಾನೇ ಅಂತ ನನ್ನ ಅಭಿಪ್ರಾಯ, ಆದ್ರೆ ಸ್ಕ್ರೀನ್ ಮೇಲೆ ಒಂದು ಸಾಲಿನ ಸೂಚನೆ ಕೂಡ ಬರಲ್ವಲ್ಲ, ಅದು ಮಾತ್ರ ಜನಕ್ಕೆ ನಿಜವಾಗ್ಲೂ ಕಷ್ಟ.

ಈಗ ಮಾಡ್ಬೇಕಾಗಿರೋದು. ಮೊದ್ಲು ಐಕಾನ್ ಬಿಡಿ, ಟರ್ಮಿನಲ್ ತೆಗ್ದು ಅಲ್ಲಿಂದಾನೇ ಆ ಫೈಲ್ ಓಡ್ಸಿ. ಆಗ ಎರರ್ ಕಾಣುತ್ತೆ. ಕ್ರೋಮ್-ಸ್ಯಾಂಡ್‌ಬಾಕ್ಸ್ ಅನ್ನೋ ಫೈಲ್ ರೂಟ್ ಹೆಸ್ರಲ್ಲಿರ್ಬೇಕು, ಅದ್ರ ಮೋಡ್ 4755 ಆಗಿರ್ಬೇಕು ಅಂತ ಬರುತ್ತೆ ನೋಡಿ, ಅದನ್ನ ನಂಬ್ಕೊಂಡು ಪರ್ಮಿಷನ್ ಬದಲಾಯ್ಸೋಕೆ ಹೋಗ್ಬೇಡಿ. ಡೆಬ್ ಪ್ಯಾಕೇಜ್‌ಗಾದ್ರೆ (ಉಬುಂಟುನಲ್ಲಿ ಮಾಮೂಲಿಯಾಗಿ ಇನ್‌ಸ್ಟಾಲ್ ಆಗೋದು) ಆ ಉಪಾಯ ನಡಿಯುತ್ತೆ, ಆಪ್‌ಇಮೇಜ್‌ಗೆ ನಡಿಯಲ್ಲ, ಯಾಕಂದ್ರೆ ಅದು ಪ್ರತಿ ಸಲ ಓಡ್ದಾಗ್ಲೂ ಟೆಂಪ್ ಫೋಲ್ಡರ್ ಒಳಗೆ ಬೇರೆ ಬೇರೆ ಹೆಸ್ರಲ್ಲಿ ಮೌಂಟ್ ಆಗುತ್ತೆ, ಅದೂ ಬರೀ ಓದೋಕಷ್ಟೇ.

ಕಾರಣ ಇದೇನಾ ಅಂತ ಖಾತ್ರಿ ಮಾಡ್ಕೊಳೋಕೆ ಸಿಸ್‌ಕಂಟ್ರೋಲ್‌ನಲ್ಲಿ (sysctl, ಕರ್ನೆಲ್ ಸೆಟ್ಟಿಂಗ್ ಬದಲಾಯ್ಸೋ ಕಮಾಂಡ್) ಈ ನಿರ್ಬಂಧದ ಸೆಟ್ಟಿಂಗ್ ಇದೆ, ಹೆಸ್ರಲ್ಲಿ ಆಪ್‌ಆರ್ಮರ್, ರಿಸ್ಟ್ರಿಕ್ಟ್, ಯೂಸರ್‌ಎನ್‌ಎಸ್ ಮೂರೂ ಬರುತ್ತೆ. ಅದನ್ನ ಎರಡು ನಿಮಿಷ 0 ಮಾಡಿ ಆಪ್ ಓಡ್ಸಿ ನೋಡಿ, ತೆರ್ಕೊಂಡ್ರೆ ರೋಗ ಗೊತ್ತಾಯ್ತು, ತಕ್ಷಣ ವಾಪಸ್ 1 ಮಾಡ್ಬಿಡಿ. ಅದನ್ನ 0 ಮಾಡೇ ಬಿಟ್ಟ್ರೆ ಒಂದು ಆಪ್‌ಗೋಸ್ಕರ ಇಡೀ ಸಿಸ್ಟಮ್‌ನ ಕಾವಲು ತೆಗ್ದಂಗೆ. ಆಮೇಲೆ ಆಪ್‌ಇಮೇಜ್‌ನ ಡೌನ್‌ಲೋಡ್ಸ್‌ನಿಂದ ತೆಗ್ದು ಆಪ್ಟ್ (/opt) ಫೋಲ್ಡರ್ ಥರದ ಒಂದು ಖಾಯಂ ಜಾಗದಲ್ಲಿಡಿ, ಈಟಿಸಿ ಒಳಗಿನ ಆಪ್‌ಆರ್ಮರ್-ಡಾಟ್-ಡಿ ಫೋಲ್ಡರ್‌ನಲ್ಲಿ ಅದಕ್ಕೆ ಅಂತ ಒಂದು ಚಿಕ್ಕ ಪ್ರೊಫೈಲ್ ಫೈಲ್ ಮಾಡಿ. ಆ ಫೋಲ್ಡರ್‌ನಲ್ಲಿ ಕ್ರೋಮ್‌ದು ಮಾದರಿ ಇರುತ್ತೆ, ಅದನ್ನೇ ಕಾಪಿ ಮಾಡಿ ಹೆಸ್ರು, ಪಾತ್ ಬದಲಾಯ್ಸಿದ್ರೆ ಸಾಕು. ಮುಖ್ಯ ಅಂದ್ರೆ ಫ್ಲ್ಯಾಗ್ಸ್ ಜಾಗದಲ್ಲಿ ಅನ್‌ಕನ್‌ಫೈನ್ಡ್ ಇರ್ಬೇಕು, ಒಳಗೆ ಯೂಸರ್‌ಎನ್‌ಎಸ್ ಅಂತ ಒಂದು ಸಾಲು, ಅದ್ರ ಕೊನೇಲಿ ಕಾಮಾ. ಆ ಕಾಮಾ ಬಿಟ್ಟೋಗೋದೇ ಜಾಸ್ತಿ. ಆಪ್‌ಆರ್ಮರ್ ರೀಲೋಡ್ ಮಾಡಿ, ನೋ-ಸ್ಯಾಂಡ್‌ಬಾಕ್ಸ್ ಇಲ್ದೇನೇ ಓಡ್ಸಿ.

ಟರ್ಮಿನಲ್‌ನಲ್ಲಿ ಸ್ಯಾಂಡ್‌ಬಾಕ್ಸ್ ಬದ್ಲು ಫ್ಯೂಸ್ (ಆಪ್‌ಇಮೇಜ್‌ನ ಮೌಂಟ್ ಮಾಡೋಕೆ ಬೇಕಾದ ಸೌಲಭ್ಯ) ಬೇಕು ಅಂತ ಬಂದ್ರೆ ಅದು ಬೇರೆ ಕಥೆ. 22.04ರಿಂದ ಲಿಬ್‌ಫ್ಯೂಸ್2 ತಾನಾಗೇ ಇನ್‌ಸ್ಟಾಲ್ ಆಗಲ್ಲ, 24.04ರಲ್ಲಿ ಅದ್ರ ಹೆಸ್ರು ಲಿಬ್‌ಫ್ಯೂಸ್2ಟಿ64 ಅಂತ ಆಗಿದೆ, ಅದನ್ನ ಹಾಕ್ಕೊಳ್ಳಿ. ಬರೀ ಫ್ಯೂಸ್ ಅನ್ನೋ ಪ್ಯಾಕೇಜ್ ಹಾಕ್ಬೇಡಿ, ಅದು ಫ್ಯೂಸ್3ನ ಕಿತ್ತು ಜೊತೆಗೆ ಡೆಸ್ಕ್‌ಟಾಪ್‌ಗೆ ಬೇಕಾದ್ದನ್ನೂ ಎಳ್ಕೊಂಡು ಹೋಗ್ಬಹುದು.

ಪ್ರಶ್ನೆ: ಫ್ಲ್ಯಾಟ್‌ಪ್ಯಾಕ್‌ನಿಂದ (ಆಪ್‌ಗಳನ್ನ ಸ್ಯಾಂಡ್‌ಬಾಕ್ಸ್ ಒಳಗೆ ಹಾಕೋ ಒಂದು ವ್ಯವಸ್ಥೆ) ಹಾಕಿದ್ದ 3ಡಿ ಆಪ್ ನಿನ್ನೆ ರಾತ್ರಿ ತನಕ ಸರಿ ಇತ್ತು, ಬೆಳಗ್ಗೆ ಎದ್ದು ನೋಡಿದ್ರೆ ಓಪನ್ನೇ ಆಗ್ತಿಲ್ಲ. ನಾನೇನೂ ಮುಟ್ಟಿಲ್ಲ. ಎನ್‌ವಿಡಿಯಾ ಕಾರ್ಡ್ ಇದೆ. (ಮಂಗಳೂರಿನ ವಿದ್ಯಾರ್ಥಿನಿ)

ಉತ್ತರ: ನೀವು ಮುಟ್ಟಿಲ್ಲಮ್ಮ, ಸಿಸ್ಟಮ್ ತಾನೇ ಡ್ರೈವರ್ ಅಪ್‌ಡೇಟ್ ಮಾಡ್ಕೊಂಡಿರುತ್ತೆ. ಫ್ಲ್ಯಾಟ್‌ಪ್ಯಾಕ್ ಆಪ್‌ಗಳು ನಿಮ್ ಸಿಸ್ಟಮ್‌ನ ಗ್ರಾಫಿಕ್ಸ್ ಲೈಬ್ರರಿ ಬಳ್ಸಲ್ಲ, ತಮ್ಮದೇ ಒಂದು ಪ್ರತಿ ಇಟ್ಕೊಂಡಿರ್ತವೆ. ಕರ್ನೆಲ್‌ನಲ್ಲಿರೋ ಎನ್‌ವಿಡಿಯಾ ಡ್ರೈವರ್‌ದೂ ಈ ಪ್ರತಿದೂ ವರ್ಷನ್ ಕೊನೇ ಅಂಕಿ ತನಕ ಒಂದೇ ಇರ್ಬೇಕು, ಇಲ್ಲಾಂದ್ರೆ ಆಪ್‌ಗೆ ಕಾರ್ಡ್ ಸಿಗಲ್ಲ. ಮೊದ್ಲು ಒಂದ್ಸಲ ರೀಸ್ಟಾರ್ಟ್ ಮಾಡಿ, ಹೊಸ ಡ್ರೈವರ್ ಲೋಡ್ ಆಗ್ಲಿ, ಆಮೇಲೆ ಫ್ಲ್ಯಾಟ್‌ಪ್ಯಾಕ್ ಅಪ್‌ಡೇಟ್ ಕೊಡಿ, ಹೊಂದೋ ವರ್ಷನ್ ಅದೇ ಹುಡುಕ್ಕೊಂಡು ತರುತ್ತೆ. ಬಹುತೇಕ ಇಷ್ಟಕ್ಕೇ ಸರಿಹೋಗುತ್ತೆ.

ಆಗ್ಲಿಲ್ಲ ಅಂದ್ರೆ ಫ್ಲ್ಯಾಟ್‌ಪ್ಯಾಕ್ ರನ್ ಅಂತ ಬರ್ದು ಆಪ್‌ನ ಪೂರ್ತಿ ಐಡಿ ಹಾಕಿ ಟರ್ಮಿನಲ್‌ನಿಂದ ಓಡ್ಸಿ, ಏನ್ ಹೇಳುತ್ತೆ ಓದಿ. ಹಿಂದೆ ಯಾವತ್ತಾದ್ರೂ ಫ್ಲ್ಯಾಟ್‌ಸೀಲ್‌ನಲ್ಲಿ (ಫ್ಲ್ಯಾಟ್‌ಪ್ಯಾಕ್ ಆಪ್‌ಗಳ ಪರ್ಮಿಷನ್ ಬದಲಾಯ್ಸೋ ಆಪ್) ಪರ್ಮಿಷನ್ ಆಫ್ ಮಾಡಿದ್ರಾ ನೆನಪು ಮಾಡ್ಕೊಳ್ಳಿ, ಮಾಡಿದ್ರೆ ಅಲ್ಲೇ ಆ ಆಪ್‌ಗೆ ರೀಸೆಟ್ ಒತ್ತಿ. ಕೊನೇದಾಗಿ ಹೋಮ್ ಒಳಗಿರೋ ಡಾಟ್-ವಾರ್ ಅನ್ನೋ ಹಿಡನ್ ಫೋಲ್ಡರ್‌ನಲ್ಲಿ ಆಪ್ ಅಂತಿರುತ್ತೆ, ಅಲ್ಲಿ ನಿಮ್ ಆಪ್‌ನ ಐಡಿ ಹೆಸ್ರಿನ ಫೋಲ್ಡರ್‌ನ ಹೆಸ್ರು ಬದಲಾಯ್ಸಿ ನೋಡಿ. ಡಿಲೀಟ್ ಮಾಡ್ಬೇಡಿ, ಸೆಟ್ಟಿಂಗ್ಸ್, ಕೆಲವು ಸಲ ಕೆಲಸದ ಫೈಲ್‌ಗಳೂ ಅಲ್ಲೇ ಇರ್ತವೆ.

ಪ್ರಶ್ನೆ: ಡೆಸ್ಕ್‌ಟಾಪ್‌ಗೆ ಸ್ವೇ ಅನ್ನೋ ವಿಂಡೋ ಮ್ಯಾನೇಜರ್ ಹಾಕ್ಕೊಂಡಿದ್ದೀನಿ. ಆಪ್‌ಗಳು ತೆರ್ಕೊಳ್ತವೆ, ಆದ್ರೆ ಕ್ಲಿಕ್ ಮಾಡಿ ಸುಮಾರು ಅರ್ಧ ನಿಮಿಷ ಆದ್ಮೇಲೆ. (ಧಾರವಾಡದ ಓದುಗರು)

ಉತ್ತರ: ಸರಿಯಾಗಿ ಎಣಿಸಿ ನೋಡಿ, 25 ಸೆಕೆಂಡ್ ಇರುತ್ತೆ. ಡಿ-ಬಸ್‌ನಲ್ಲಿ (ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡೋ ದಾರಿ) ಉತ್ತರಕ್ಕೆ ಕಾಯೋ ಸಾಮಾನ್ಯ ಮಿತಿ ಅದು. ಆಪ್ ಪೋರ್ಟಲ್‌ನ (ಆಪ್‌ಗೂ ಡೆಸ್ಕ್‌ಟಾಪ್‌ಗೂ ನಡುವಿನ ಮಧ್ಯವರ್ತಿ) ಏನೋ ಕೇಳ್ತಿದೆ, ಪೋರ್ಟಲ್ ಉತ್ತರ ಕೊಡ್ತಿಲ್ಲ, ಸಮಯ ಮುಗಿದ್ಮೇಲೆ ಆಪ್ ತನ್ನ ಪಾಡಿಗೆ ತಾನು ಮುಂದೆ ಹೋಗ್ತಿದೆ. ಗ್ನೋಮ್, ಕೆಡಿಇ ಥರದ ಪೂರ್ತಿ ಡೆಸ್ಕ್‌ಟಾಪ್‌ಗಳಲ್ಲಿ ಇದೆಲ್ಲ ತಾನಾಗೇ ಜೋಡ್ಸಿರುತ್ತೆ, ಸ್ವೇನಲ್ಲಿ ನೀವೇ ಜೋಡಿಸ್ಬೇಕು. ಎಕ್ಸ್‌ಡಿಜಿ ಡೆಸ್ಕ್‌ಟಾಪ್ ಪೋರ್ಟಲ್ ಜೊತೆ ಅದ್ರ ಡಬ್ಲ್ಯೂಎಲ್‌ಆರ್, ಜಿಟಿಕೆ ಎರಡೂ ಭಾಗ ಹಾಕಿ, ಬಳಸದೇ ಇರೋ ಗ್ನೋಮ್ ಭಾಗ ಇದ್ರೆ ತೆಗೀರಿ. ಸ್ವೇ ಶುರುವಾಗೋವಾಗ ವೇಲ್ಯಾಂಡ್ ಡಿಸ್‌ಪ್ಲೇ, ಕರೆಂಟ್ ಡೆಸ್ಕ್‌ಟಾಪ್ ಈ ಎರಡು ವೇರಿಯಬಲ್ ಸಿಸ್ಟಮ್‌ಡಿಗೂ (ಹಿನ್ನೆಲೆ ಸೇವೆಗಳನ್ನ ಶುರು ಮಾಡೋದು) ಡಿ-ಬಸ್‌ಗೂ ಗೊತ್ತಾಗೋ ಹಾಗೆ ಕಾನ್‌ಫಿಗ್‌ನಲ್ಲಿ ಒಂದು ಸಾಲು ಸೇರ್ಸಿ.

ಪ್ರಶ್ನೆ: ನಮ್ ಕಾಲೇಜ್ ಲ್ಯಾಬ್‌ನಲ್ಲಿ ವಿದ್ಯಾರ್ಥಿಗಳ ಹೋಮ್ (ಅವರವರ ಫೈಲ್ ಇರೋ ಫೋಲ್ಡರ್) ಬೇರೆ ಡಿಸ್ಕ್‌ನಲ್ಲಿದೆ. ಯಾವ ಸ್ನ್ಯಾಪ್ ಆಪೂ ಓಡ್ತಿಲ್ಲ, ಫೈರ್‌ಫಾಕ್ಸ್ ಕೂಡ. (ತುಮಕೂರಿನ ಲ್ಯಾಬ್ ಸಹಾಯಕರು)

ಉತ್ತರ: ಸ್ನ್ಯಾಪ್ ಕೂಡ ಆಪ್‌ಗಳನ್ನ ಸ್ಯಾಂಡ್‌ಬಾಕ್ಸ್ ಒಳಗೆ ಓಡ್ಸೋ ಉಬುಂಟು ವ್ಯವಸ್ಥೆ, ಅದಕ್ಕೆ ಎಲ್ಲರ ಹೋಮೂ ಸ್ಲ್ಯಾಶ್-ಹೋಮ್ (/home) ಕೆಳಗೇ ಇರ್ಬೇಕು ಅನ್ನೋ ನಿರೀಕ್ಷೆ, ಹೊರಗಿದ್ರೆ ಒಳಗೆ ಬಿಡಲ್ಲ. ಸೂಡೋ ಜೊತೆ ಸ್ನ್ಯಾಪ್ ಸೆಟ್ ಸಿಸ್ಟಮ್ ಕೊಟ್ಟು, ಹೋಮ್‌ಡಿರ್ಸ್ ಈಸ್ ಈಕ್ವಲ್ ಟು (homedirs=) ಅಂತ ಹಾಕಿ ನಿಮ್ ಡಿಸ್ಕ್‌ನ ಹೋಮ್‌ಗಳಿರೋ ಮೇಲಿನ ಫೋಲ್ಡರ್‌ನ ಪಾತ್ ಬರೀರಿ. ಒಬ್ಬೊಬ್ಬ ವಿದ್ಯಾರ್ಥಿದೂ ಬರೆಯೋದು ಬೇಡ. ಪ್ರತಿ ಮಷೀನ್‌ನಲ್ಲೂ ಒಂದ್ಸಲ ಮಾಡ್ಬೇಕು, ಆಮೇಲೆ ವಿದ್ಯಾರ್ಥಿಗಳಿಗೆ ಲಾಗ್‌ಔಟ್ ಆಗಿ ಮತ್ತೆ ಬರೋಕೆ ಹೇಳಿ.