ಫಾರ್ಮ್ಯಾಟ್ ಮಾಡಿಸುವ ಮೊದಲು ಒಂದು ಮಾತು

ಪ್ರಶ್ನೆ: ನಾನು ಪೆರ್ಲ ಕಡೆಯ ನಿವೃತ್ತ ಕನ್ನಡ ಅಧ್ಯಾಪಕ. 2014ರಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಇದೆ. ವಿಂಡೋಸ್ 10, 500 ಜಿಬಿ ಹಾರ್ಡ್ ಡಿಸ್ಕ್. ಮಳೆಗಾಲ ಶುರುವಾದಂದಿನಿಂದ ಆನ್ ಆಗಲು ಇಪ್ಪತ್ತು ನಿಮಿಷ ಬೇಕು. ಕೆಲವು ಫೋಲ್ಡರ್ ತೆರೆದರೆ ಅಲ್ಲೇ ನಿಂತುಬಿಡುತ್ತದೆ. ನಡುನಡುವೆ ನೀಲಿ ಪರದೆ. ಅಂಗಡಿಯವರು "ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿದ್ರೆ ಸರಿಯಾಗ್ತದೆ, ಡಿ ಡ್ರೈವ್‌ಗೆ ಎಂತ ಸಹ ಆಗುವುದಿಲ್ಲ" ಎಂದರು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಯಕ್ಷಗಾನ ಪ್ರಸಂಗಗಳು, ತಾಳಮದ್ದಳೆಯ ರೆಕಾರ್ಡಿಂಗ್‌ಗಳು, ಮೊಮ್ಮಗಳ ಫೋಟೋ ಎಲ್ಲ ಅದರಲ್ಲೇ ಇವೆ. ಬೇರೆ ಪ್ರತಿ ಇಲ್ಲ. ಏನು ಮಾಡಲಿ?

ಉತ್ತರ: ಮಾಸ್ಟ್ರೇ, ಮೊದಲು ಕಂಪ್ಯೂಟರ್ ಆಫ್ ಮಾಡಿ. ಇದನ್ನು ಪೂರ್ತಿ ಓದುವ ತನಕ ಆನ್ ಮಾಡಬೇಡಿ. "ಒಮ್ಮೆ ನೋಡೋಣ, ಈಗ ಸರಿಯಾಗಿದೆಯಾ ಏನೋ" ಅಂತ ಕೂಡ ಬೇಡ. ಸಾಯುತ್ತಿರುವ ಡಿಸ್ಕ್ ಒಂದೊಂದು ಸಲ ಆನ್ ಆದಾಗಲೂ ಸ್ವಲ್ಪ ಸ್ವಲ್ಪ ಹೋಗುತ್ತಿರುತ್ತದೆ.

ಅಂಗಡಿಯವರು ಸುಳ್ಳು ಹೇಳಿದರು ಅಂತಲ್ಲ. ವಿಂಡೋಸ್ ಕೆಟ್ಟಿದ್ದರೆ ಅವರ ಮಾತು ಸರಿ. ಆದರೆ ನಿಮ್ಮ ಲಕ್ಷಣ ನೋಡಿದರೆ ಕೆಟ್ಟಿರುವುದು ಡಿಸ್ಕ್. ಸಿ ಮತ್ತು ಡಿ ಎರಡು ಡಿಸ್ಕ್ ಅಲ್ಲ, ಒಂದೇ ತೋಟದ ನಡುವೆ ಬೇಲಿ ಹಾಕಿದ್ದು ಅಷ್ಟೆ. ಕೊಳೆರೋಗ ಬೇಲಿ ನೋಡಿ ನಿಲ್ಲುತ್ತದಾ? ಅದೂ ಅಲ್ಲದೆ ನಿಮ್ಮ ಡೆಸ್ಕ್‌ಟಾಪ್ ಮೇಲೆ ಕಾಣುವ ಫೋಲ್ಡರ್‌ಗಳು ಇರುವುದು ಸಿ ಡ್ರೈವ್‌ನಲ್ಲೇ. "ಸಿ ಮಾತ್ರ ಫಾರ್ಮ್ಯಾಟ್" ಅಂದಾಗ ಮೊದಲು ಹೋಗುವುದು ಅವೇ.

ಒಂದು ಸಣ್ಣ ಆಸೆ ಉಂಟು. ಕ್ಯಾಬಿನೆಟ್ ತೆರೆದು, ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ನೋಡಲು ಅಂಗಡಿಯವರಿಗೆ ಹೇಳಿ. ನಮ್ಮ ಕಡೆಯ ತೇವಕ್ಕೆ ಅದರ ಪಿನ್‌ಗಳಲ್ಲಿ ಕಿಲುಬು ಕೂತು ಇದೇ ತರಹ ತೊಂದರೆ ಕೊಡುವುದನ್ನು ಬದಿಯಡ್ಕದ ನನ್ನ ಅಂಗಡಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶವಿದೆ. ನಿಮ್ಮ ವಿಂಡೋಸ್ ಎಬ್ಬಿಸದೆ, ಈ ಡಿಸ್ಕನ್ನು ಅಂಗಡಿಯ ಕಂಪ್ಯೂಟರ್‌ಗೆ ಜೋಡಿಸಿ ಅದರಲ್ಲಿ ನೋಡಲಿ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ 'ಸ್ಮಾರ್ಟ್' ಪಟ್ಟಿಯನ್ನು ಅದು ತೋರಿಸುತ್ತದೆ. ಸಿ7 ಸಾಲಿನ ಅಂಕಿ ಮಾತ್ರ ಏರುತ್ತಿದ್ದರೆ ಹೆಚ್ಚಾಗಿ ಕೇಬಲ್ ದೋಷ, ಹೊಸ ಕೇಬಲ್ ಸಾಕು. ಡಿಸ್ಕ್ ಬರೆದಿಡುವ ಸಣ್ಣ ಸಣ್ಣ ಜಾಗಗಳಿಗೆ ಸೆಕ್ಟರ್ ಎನ್ನುತ್ತಾರೆ. ಸಿ5 ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು, 05 ಅಂದರೆ ಕೆಟ್ಟಿದ್ದಕ್ಕೆ ಬದಲಿ ಕೊಟ್ಟ ಸೆಕ್ಟರ್‌ಗಳು. ಇವೆರಡರಲ್ಲಿ ಸೊನ್ನೆ ಬಿಟ್ಟು ಬೇರೇನೋ ಇದ್ದು, ಅದೂ ಏರುತ್ತಾ ಹೋದರೆ ಡಿಸ್ಕ್‌ನ ಆಸೆ ಬಿಡಿ. ಅಂದ ಹಾಗೆ ಆ ಅಂಕಿಗಳು ಹೆಕ್ಸ್ ರೂಪದಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ಇರುತ್ತವೆ. 1ಎ ಅಂತ ಕಂಡರೆ 26 ಎಂದು ಓದಿಕೊಳ್ಳಿ.

ಇನ್ನು ಮಾಡಬಾರದ್ದು. ವಿಂಡೋಸ್‌ನ ಡಿಸ್ಕ್ ರಿಪೇರಿ ಸಾಧನವಾದ ಚೆಕ್ ಡಿಸ್ಕ್ ಓಡಿಸಬೇಡಿ. ಇದನ್ನು ಹೇಳುವಾಗ ನನಗೆ ಈಗಲೂ ಮುಖ ಕೆಂಪಾಗುತ್ತದೆ. ಅಂಗಡಿ ಹಾಕಿದ ಹೊಸತರಲ್ಲಿ ಒಬ್ಬ ಫೋಟೋಗ್ರಾಫರ್ ಇಂಥದ್ದೇ ಡಿಸ್ಕ್ ತಂದಿದ್ದರು. ನಾನು ಬುದ್ಧಿವಂತನ ಹಾಗೆ ರಾತ್ರಿ ಚೆಕ್ ಡಿಸ್ಕ್ ಹಾಕಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಮದುವೆಗಳ ಹೆಸರಿದ್ದ ಫೋಲ್ಡರ್‌ಗಳು ಇಲ್ಲ. 'ಫೌಂಡ್.000' ಎಂಬ ಒಂದೇ ಫೋಲ್ಡರ್, ಅದರೊಳಗೆ 'ಫೈಲ್0000.ಸಿಎಚ್‌ಕೆ', 'ಫೈಲ್0001.ಸಿಎಚ್‌ಕೆ' ಅಂತ ಸಾಲು ಸಾಲು ತುಂಡುಗಳು. ಚೆಕ್ ಡಿಸ್ಕ್ ಡಿಸ್ಕಿನ ಲೆಕ್ಕ ಸರಿಪಡಿಸುತ್ತದೆ. ಹೊಂದದ ತುಂಡುಗಳನ್ನು ಹೀಗೆ ಗುಡ್ಡೆ ಹಾಕುತ್ತದೆ. ಯಾರ ಮದುವೆ ಯಾವ ತುಂಡಿನಲ್ಲಿದೆ ಎಂದು ಅದಕ್ಕೇನು ಗೊತ್ತು? ಅವರು ಏನೂ ಬೈಯಲಿಲ್ಲ. ಅದೇ ಜಾಸ್ತಿ ಕಷ್ಟವಾಯಿತು.

ಹಾಗಾಗಿ ಮೊದಲು ನಕಲು, ಆಮೇಲೆ ಉಳಿದದ್ದು. ಒಂದು 1 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್ ತನ್ನಿ. ಹಳೆಯ ಡಿಸ್ಕ್‌ನಿಂದ ವಿಂಡೋಸ್ ಎಬ್ಬಿಸುವುದೇ ಬೇಡ. ಅದು ಏಳುವಾಗಲೇ ಏನೇನೋ ಬರೆಯುತ್ತದೆ, ಅಪ್‌ಡೇಟ್ ಹುಡುಕುತ್ತದೆ. ಬದಲಿಗೆ ಪೆನ್‌ಡ್ರೈವ್‌ನಿಂದ ವಿಂಡೋಸ್‌ನ ಹಾಗೆಯೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಬ್ಬಿಸಬೇಕು. ನಿಮಗೆ ಲಿನಕ್ಸ್ ಹೊಸದೇನಲ್ಲ ಅಲ್ವಾ? ಕೇರಳದ ಸರ್ಕಾರಿ ಶಾಲೆಗಳ ಲ್ಯಾಬಿನಲ್ಲಿ ವರ್ಷಗಟ್ಟಲೆ ಮಕ್ಕಳ ಮುಂದೆ ಓಡಿದ್ದು ಉಬುಂಟುವಿನಿಂದ ಬೆಳೆದ ಲಿನಕ್ಸೇ. ಸಿಸ್ಟಂರೆಸ್ಕ್ಯೂ ಎಂಬ ಲಿನಕ್ಸ್‌ನಲ್ಲಿ ಬೇಕಾದ ಸಾಮಾನು ಎಲ್ಲ ಸಿದ್ಧವಾಗಿ ಬರುತ್ತದೆ.

ಅದರಲ್ಲಿರುವ, ಇಡೀ ಡಿಸ್ಕ್‌ನ ನಕಲು ತೆಗೆಯುವ ಡಿಡಿರೆಸ್ಕ್ಯೂ ಮಾಡುವ ಕೆಲಸ ನೋಡುವುದೇ ಒಂದು ಚಂದ. ವಿಂಡೋಸ್‌ನಲ್ಲಿ ಕಾಪಿ-ಪೇಸ್ಟ್ ಮಾಡಿದರೆ ಕೆಟ್ಟ ಸೆಕ್ಟರ್ ಸಿಕ್ಕಿದಲ್ಲಿ ಅದನ್ನೇ ಕೆರೆಯುತ್ತಾ ಕೂರುತ್ತದೆ. ಡಿಸ್ಕ್‌ನ ಓದುವ ಹೆಡ್ಡಿಗೆ ಆಯಾಸ, ನಿಮಗೆ ನಷ್ಟ. ಡಿಡಿರೆಸ್ಕ್ಯೂ ಹಾಗಲ್ಲ. ಕೆಟ್ಟದ್ದು ಸಿಕ್ಕಿದರೆ ಹಾರಿ ಮುಂದೆ ಹೋಗುತ್ತದೆ, ಚೆನ್ನಾಗಿರುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಕೊನೆಗೆ ಮತ್ತೆ ಬಂದು ಬಿಟ್ಟದ್ದನ್ನು ಒಂದೊಂದೇ ಕೆದಕುತ್ತದೆ. ಎಲ್ಲಿಯವರೆಗೆ ಆಯಿತು ಎಂದು ಒಂದು ಮ್ಯಾಪ್ ಕಡತದಲ್ಲಿ ಗುರುತು ಹಾಕಿಡುತ್ತದೆ. ಕರೆಂಟ್ ಹೋದರೂ ಆ ಮ್ಯಾಪ್ ಇದ್ದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಒಂದು ಎಚ್ಚರ: ಪೆನ್‌ಡ್ರೈವ್‌ನಿಂದ ಎದ್ದ ಲಿನಕ್ಸ್ ತನ್ನ ಕಡತಗಳನ್ನು ರಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಮ್ಯಾಪನ್ನು ಅಲ್ಲೇ ಬಿಟ್ಟರೆ ಕರೆಂಟ್‌ನ ಜೊತೆ ಅದೂ ಹೋಗುತ್ತದೆ. ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲೇ ಇಡಬೇಕು.

ಡಿಸ್ಕ್ ಚೆನ್ನಾಗಿದ್ದರೆ 500 ಜಿಬಿ ಕೆಲವು ಗಂಟೆಗಳ ಕೆಲಸ. ಕೆಟ್ಟಿದ್ದರೆ ಒಂದೆರಡು ದಿನವೂ ಹಿಡಿಯಬಹುದು, ಗಾಬರಿ ಬೇಡ. ಡಿಸ್ಕ್‌ಗೆ ಗಾಳಿ ತಾಗುವ ಹಾಗೆ ಟೇಬಲ್ ಫ್ಯಾನ್ ಇಡಿ. ತುಲಾ ಮಾಸದ ಮಧ್ಯಾಹ್ನಗಳಲ್ಲಿ ಮಾತ್ರ ಈ ಕೆಲಸಕ್ಕೆ ಕೂರಬೇಡಿ. ಗುಡುಗಿನ ಸದ್ದು ಕೇಳಿದರೆ ಪ್ಲಗ್ಗೂ ಇಂಟರ್ನೆಟ್ ಕೇಬಲ್ಲೂ ಕಿತ್ತಿಡಿ. ಸಿಡಿಲು ಕರೆಂಟ್ ತಂತಿಯಲ್ಲೇ ಬರಬೇಕು ಅಂತಿಲ್ಲ.

ನಡುವೆ ಡಿಸ್ಕ್ 'ಟಕ್, ಟಕ್, ಟಕ್' ಅಂತ ಒಂದೇ ಲಯದಲ್ಲಿ ಸದ್ದು ಮಾಡಿದರೆ ಅಲ್ಲಿಗೆ ನಿಲ್ಲಿಸಿ. ಹೆಡ್ ಹೋಗಿರಬಹುದು. ಫ್ರಿಜ್ಜಿನಲ್ಲಿಟ್ಟರೆ ಸರಿಯಾಗುತ್ತದೆ ಎಂಬ ಮಾತು ನಂಬಬೇಡಿ, ಹೊರಗೆ ತೆಗೆದಾಗ ಒಳಗೆಲ್ಲ ನೀರ ಪಸೆ ಕೂರುತ್ತದೆ. ಮನೆಯಲ್ಲಿ ಬಿಚ್ಚಲೂ ಬಾರದು. ತಿರುಗುವ ತಟ್ಟೆಗೂ ಹೆಡ್ಡಿಗೂ ಇರುವ ಸಂದು ಎಷ್ಟು ಸಣ್ಣದೆಂದರೆ ಒಂದು ಧೂಳಿನ ಕಣ ಅದಕ್ಕೆ ಕಲ್ಲುಬಂಡೆ. ಅದು ಧೂಳಿಲ್ಲದ ಕೋಣೆ ಇರುವ ಡೇಟಾ ರಿಕವರಿಯವರ ಕೆಲಸ. ದುಡ್ಡು ಜಾಸ್ತಿ ಆಗುತ್ತದೆ, ಪ್ರಸಂಗಗಳಿಗೆ ಅಷ್ಟು ಬೆಲೆ ಇದೆಯಾ ಎಂದು ನೀವೇ ನಿರ್ಧರಿಸಬೇಕು.

ನಕಲು ಸಿಕ್ಕಿತು ಅಂದುಕೊಳ್ಳೋಣ. ಕಡತಗಳನ್ನು ಆ ನಕಲಿನಿಂದಲೇ ಹೊರತೆಗೆಯಿರಿ. ಈಗ ಬಹಳ ಜನ ಮರೆಯುವ ಸಂಗತಿ: ವಿಂಡೋಸ್ ಫೋಲ್ಡರ್‌ನ ಒಳಗಿರುವ ಫಾಂಟ್ಸ್ ಫೋಲ್ಡರನ್ನೂ ತೆಗೆದಿಡಿ. ನೀವು ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರ್‌ನ ಲೆಕ್ಕದಲ್ಲಿ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಅಂಗಿ ತೊಡಿಸಿದ್ದು. ಹೊಸ ಕಂಪ್ಯೂಟರ್‌ನಲ್ಲಿ ತೆರೆದಾಗ ಪುಟ ತುಂಬ ಚಿತ್ರವಿಚಿತ್ರ ಅಕ್ಷರ ಕಂಡು "ಅಯ್ಯೋ, ಎಲ್ಲ ಹಾಳಾಯ್ತು" ಅಂತ ಕಡತ ಅಳಿಸಿದವರನ್ನು ನಾನು ಕಂಡಿದ್ದೇನೆ. ಹಾಳಾಗಿರುವುದಿಲ್ಲ. ಫಾಂಟ್ ಹಾಕಿದರೆ ಭಾಗವತರ ಪದ್ಯ ಹಾಗೇ ಎದುರು ಬರುತ್ತದೆ. ಪುರುಸೊತ್ತಿನಲ್ಲಿ ಎಲ್ಲವನ್ನೂ ಯಾವ ಕಂಪ್ಯೂಟರ್‌ನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ಗೆ ಬದಲಾಯಿಸಿಕೊಳ್ಳಿ, ಅದಕ್ಕೆ ಪರಿವರ್ತಕಗಳು ಸಿಗುತ್ತವೆ.

ಹೊಸ ವಿಂಡೋಸ್ ವಿಚಾರ ಚುಟುಕಾಗಿ. ಹಳೆಯ ಡಿಸ್ಕ್ ಮೇಲೆ ಯಾವುದನ್ನೂ ಹಾಕಬೇಡಿ. 240 ಜಿಬಿಯ ಒಂದು ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ಡಿಸ್ಕ್) ಹಾಕಿಸಿ. ಇನ್‌ಸ್ಟಾಲ್ ಮಾಡುವಾಗ ಬೇರೆಲ್ಲ ಡಿಸ್ಕ್‌ಗಳ ಕೇಬಲ್ ಕಳಚಿರಲಿ, ತಪ್ಪು ಡಿಸ್ಕ್ ಫಾರ್ಮ್ಯಾಟ್ ಆಗುವ ಭಯವೇ ಇರುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಪ್ರೊಸೆಸರ್ ನಿಮ್ಮ 2014ರ ಯಂತ್ರದಲ್ಲಿಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ, ನಾನು ಹಾಕುವುದಿಲ್ಲ. ಟೈಪಿಂಗ್, ಫೋಟೋ, ಹಾಡು ಇಷ್ಟಕ್ಕೆ ಲಿನಕ್ಸ್ ಮಿಂಟ್ ಸಾಕು. ಅದರಲ್ಲಿ 'ಕಗಪ' ಕೀಲಿಮಣೆ ಇದೆ. ಕೆ.ಪಿ. ರಾಯರ ವಿನ್ಯಾಸದಿಂದ ಬಂದದ್ದು, ನುಡಿಯಲ್ಲಿ ನಿಮ್ಮ ಬೆರಳಿಗೆ ರೂಢಿಯಾದದ್ದೂ ಅದೇ.

ನಿಮ್ಮ ಅಂಗಡಿಯವರಿಗೆ ಈ ಪುಟ ತೋರಿಸಿ. "ನಕಲು ತೆಗೆಯದೆ ಮುಟ್ಟಬೇಡಿ" ಎಂದು ಚೀಟಿ ಬರೆದು ಡಿಸ್ಕ್‌ಗೇ ಅಂಟಿಸಿ ಕೊಟ್ಟರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಲ್ಯಾಪ್‌ಟಾಪ್‌ನ ಮದರ್‌ಬೋರ್ಡ್ ರಿಪೇರಿ ಆದ ಮೇಲೆ ನೀಲಿ ಪರದೆಯಲ್ಲಿ 48 ಅಂಕಿಯ ಬಿಟ್‌ಲಾಕರ್ ಕೀ ಕೇಳುತ್ತಿದೆ. ನಾನು ಯಾವ ಪಾಸ್‌ವರ್ಡೂ ಇಟ್ಟಿರಲಿಲ್ಲ! (ಹೊಸಂಗಡಿಯ ಓದುಗಿ)

ಉತ್ತರ: ನೀವು ಇಟ್ಟಿಲ್ಲ ತಂಗಿ, ವಿಂಡೋಸ್ ತಾನೇ ಇಟ್ಟಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕ್‌ಗೆ ಬಿಟ್‌ಲಾಕರ್ ಎಂಬ ಬೀಗ ಬೀಳುವುದು ಈಗ ಸಾಮಾನ್ಯ. ಕೀ ಅದೇ ಖಾತೆಯಲ್ಲಿ ಇರುತ್ತದೆ. ಮೊಬೈಲ್‌ನಿಂದ ಆ ಖಾತೆ ತೆರೆದು ರಿಕವರಿ ಕೀ ಹುಡುಕಿ. ಲ್ಯಾಪ್‌ಟಾಪ್ ಮೊದಲು ಅಣ್ಣನ ಅಥವಾ ಕಾಲೇಜಿನ ಖಾತೆಯಲ್ಲಿ ಶುರುವಾಗಿದ್ದರೆ ಅಲ್ಲಿ ನೋಡಿ. ಕೀ ಎಲ್ಲೂ ಸಿಗದಿದ್ದರೆ ಡಿಸ್ಕ್‌ನಲ್ಲಿರುವುದನ್ನು ಯಾರಿಂದಲೂ ತೆಗೆಯಲಾಗದು. ತೆಗೆದುಕೊಡುತ್ತೇನೆ ಎಂದು ಮುಂಗಡ ಕೇಳುವವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಕ್ಯಾಮೆರಾದ ಮೆಮೊರಿ ಕಾರ್ಡ್‌ನಿಂದ ಊರ ಜಾತ್ರೆಯ ಫೋಟೋ ಅಳಿಸಿಹೋಯಿತು. ಸಿಗುತ್ತದಾ? (ತಾಳವಾಡಿಯ ಓದುಗರು)

ಉತ್ತರ: ಆಮೇಲೆ ಅದರಲ್ಲಿ ಹೊಸ ಫೋಟೋ ತೆಗೆದಿಲ್ಲ ತಾನೆ? ಹಾಗಾದರೆ ಸಿಗುವ ಸಂಭವ ಚೆನ್ನಾಗಿದೆ. ಅಳಿಸಿಹೋದದ್ದನ್ನು ಹುಡುಕಿಕೊಡುವ ಫೋಟೋರೆಕ್ ತಂತ್ರಾಂಶ ಉಚಿತ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸಬೇಡಿ, ಕಂಪ್ಯೂಟರ್‌ಗೆ ಉಳಿಸಿ. ಕಡತಗಳ ಹೆಸರು ಹೋಗಿರುತ್ತದೆ, ತೇರು ಯಾವುದು, ಊಟದ ಪಂಕ್ತಿ ಯಾವುದು ಅಂತ ಕೂತು ಆರಿಸಿಕೊಳ್ಳಬೇಕಾಗುತ್ತದೆ.