ಸ್ವಸಮ್ಮೋಹನ ಕಲಿಸಿ ಹೊಟ್ಟೆ ತುಂಬುತ್ತಾ? ಗಿರಣಿ ಮೇಲಿನ ಕೋಣೆಯಿಂದ ಉತ್ತರ

ಸ್ವಸಮ್ಮೋಹನ (ತನಗೆ ತಾನೇ ಹಿಪ್ನಾಟಿಸಂ ಮಾಡಿಕೊಳ್ಳುವುದು) ಕಲಿಸುವುದನ್ನೇ ಕೆಲಸ ಮಾಡಿಕೊಂಡವರು ಇಲ್ಲಿ ಯಾರಾದರೂ ಇದ್ದೀರಾ, ಜೀವನ ಹೇಗೆ ನಡೆಯುತ್ತೆ, ಎರಡು ದಿನದ ‘ಮಾಸ್ಟರ್ ಟ್ರೇನರ್’ ಕೋರ್ಸಿಗೆ 25,000 ರೂಪಾಯಿ ಕೇಳ್ತಿದ್ದಾರೆ, ಸೇರಬಹುದಾ ಅಂತ ಕೇಳಿದ್ದೀರಿ.

ಇದ್ದೀನಿ ರೀ. ಧಾರವಾಡದ ಸಪ್ತಾಪುರದಲ್ಲಿ, ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ, 2001ರಿಂದ ಇದನ್ನೇ ಕಲಿಸುತ್ತಿದ್ದೇನೆ. ಹೊಟ್ಟೆ ತುಂಬುತ್ತದೆ, ಆದರೆ ಇದೊಂದರಿಂದಲೇ ಅಲ್ಲ. ನಮ್ಮ ಮನೆಯವರು ಸಾಲಿ ಟೀಚರ್. ಜೋಳ, ಅಕ್ಕಿ, ಬಾಡಿಗೆ ಅವರ ಪಗಾರದ್ದು. ಪೆಟ್ರೋಲು, ಮಗಳ ಫೀ, ಹಬ್ಬದ ಬಟ್ಟೆ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಕೋರ್ಸ್ ಮಾರುವವರು ಇದನ್ನು ಕೊನೆಗೂ ಹೇಳುವುದಿಲ್ಲ.

ನಾನು ಮೊದಲು ಟೈಪಿಂಗ್ ಮಾಸ್ತರ. ಊರು ರೋಣ ತಾಲ್ಲೂಕಿನ ಒಂದು ಹಳ್ಳಿ. ಬಿ.ಎ. ಓದಲು ಧಾರವಾಡಕ್ಕೆ ಬಂದವನು ವಾಪಸ್ ಹೋಗಲೇ ಇಲ್ಲ. 1992ರಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಕೊಂಡೆ. ಹದಿನಾಲ್ಕು ಮಷಿನ್ನು, ಅದರಲ್ಲಿ ನಡೆಯುತ್ತಿದ್ದವು ಹನ್ನೊಂದು. ಅಲ್ಲೊಂದು ಹುಡುಗಿ ಇದ್ದಳು. ವರ್ಷವಿಡೀ ಪಟಪಟ ಹೊಡೆಯುವವಳು, ಪರೀಕ್ಷೆ ದಿನ ಗಂಟೆ ಬಾರಿಸಿದ ಕೂಡಲೇ ಬೆರಳು ಕಲ್ಲಾಗಿ, ಎರಡೆರಡು ಕೀ ಒಟ್ಟಿಗೆ ಒತ್ತಿ, ಮಷಿನ್ನಿನ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡು, ಅವನ್ನು ಬಿಡಿಸುತ್ತಾ ಅಳುತ್ತಾ ಕೂತಿದ್ದಳು. ಬಾರದೆ ಫೇಲಾದವಳಲ್ಲ ಅವಳು, ಬಂದೂ ಫೇಲಾದವಳು. ಇಂಥವರು ವರ್ಷಕ್ಕೆ ಮೂರು ನಾಲ್ಕು ಮಂದಿ ಇರುತ್ತಿದ್ದರು. ‘ಇನ್ನೂ ಪ್ರಾಕ್ಟೀಸ್ ಮಾಡು’ ಅಂತ ಬೈಯುವುದು ಬಿಟ್ಟರೆ ನನ್ನ ಹತ್ತಿರ ಬೇರೆ ಮದ್ದಿರಲಿಲ್ಲ.

1994ರಲ್ಲಿ ನಮ್ಮೂರ ಜಾತ್ರೆಗೆ ಒಬ್ಬ ಜಾದೂಗಾರ ಬಂದ. ಹಿಪ್ನಾಟಿಸಂ ಆಟ. ಒಬ್ಬ ಹುಡುಗನಿಗೆ ಹಸಿ ಉಳ್ಳಾಗಡ್ಡಿ ಕೊಟ್ಟು ‘ಸೇಬು, ತಿನ್ನು’ ಅಂದ. ಅವನು ಕಣ್ಣಲ್ಲಿ ಒಂದು ಹನಿ ನೀರಿಲ್ಲದೆ ಕಚಕಚ ತಿಂದ. ನಾನು ಜಾದೂಗಾರನ ಬೆನ್ನು ಹತ್ತಿದೆ. ಮುಂದೆ ಮೂರು ವರ್ಷ ರಜೆ ಸಿಕ್ಕಾಗಲೆಲ್ಲ ಅವನ ಪೆಟ್ಟಿಗೆ ಹೊತ್ತುಕೊಂಡು ಗದಗ, ಲಕ್ಷ್ಮೇಶ್ವರ, ಸವಣೂರು, ಬ್ಯಾಡಗಿ ಅಂತ ತಿರುಗಿದೆ. (ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟಿಗೆ, ಸ್ಟೇಜ್ ಮೇಲೆ ‘ಗಾಢ ನಿದ್ರೆ’ಯಲ್ಲಿದ್ದವರೂ ಸೀನುತ್ತಿದ್ದರು.)

ಗುಟ್ಟು ಅವನು ನನಗೆ ಹೇಳಿಕೊಡಲಿಲ್ಲ, ನೋಡಿ ನೋಡಿ ತಿಳಿಯಿತು. ಆಟ ಶುರುವಾಗುವ ಮುಂಚೆ ಎಲ್ಲರಿಗೂ ಬೆರಳು ಹೆಣೆದುಕೊಳ್ಳಲು ಹೇಳುತ್ತಿದ್ದ. ಬಿಗಿಯಾಗುತ್ತಿದೆ, ಇನ್ನೂ ಬಿಗಿ, ಈಗ ಬಿಡಿಸಿ ನೋಡಿ, ಬರಲ್ಲ. ಮುನ್ನೂರು ಜನರಲ್ಲಿ ಇಪ್ಪತ್ತು ಮೂವತ್ತು ಮಂದಿಯ ಕೈ ನಿಜಕ್ಕೂ ಬಿಡುತ್ತಿರಲಿಲ್ಲ. ಅವರನ್ನಷ್ಟೇ ಮೇಲೆ ಕರೆಯುತ್ತಿದ್ದ. ಅಲ್ಲಿಗೆ ಅವನ ಅರ್ಧ ಕೆಲಸ ಮುಗೀತು. ಉಳಿದರ್ಧ ಸ್ಟೇಜು, ದೀಪ, ಊರೆಲ್ಲ ನೋಡುತ್ತಿದೆ ಅನ್ನುವ ಒತ್ತಡ ಮಾಡುತ್ತಿತ್ತು. ಅಂದರೆ ಶಕ್ತಿ ಇದ್ದದ್ದು ಅವನ ಕಣ್ಣಲ್ಲಲ್ಲ, ಕೂತ ಜನರಲ್ಲೇ. ಆಮೇಲೆ ಓದಿದಾಗ ಗೊತ್ತಾಯಿತು, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವೈಟ್ಜೆನ್‌ಹೋಫರ್ ಮತ್ತು ಹಿಲ್ಗಾರ್ಡ್ ಅನ್ನುವ ಇಬ್ಬರು 1959ರಲ್ಲೇ ಇದಕ್ಕೊಂದು ಅಳತೆಗೋಲು ಮಾಡಿದ್ದಾರೆ. ಹನ್ನೆರಡು ಚಿಕ್ಕ ಪರೀಕ್ಷೆ, ಯಾರು ಎಷ್ಟರ ಮಟ್ಟಿಗೆ ಸಮ್ಮೋಹನಕ್ಕೆ ಒಳಗಾಗುತ್ತಾರೆ ಅಂತ ನೋಡೋದಕ್ಕೆ. ಬೆರಳು ಹೆಣೆಯುವುದು ಅದರಲ್ಲೂ ಒಂದು.

ಆಟ ಬಿಟ್ಟದ್ದು ಆ ಉಳ್ಳಾಗಡ್ಡಿ ಹುಡುಗನಿಂದ. ಮೂರು ವರ್ಷದ ಮೇಲೆ ಊರಿಗೆ ಹೋದಾಗ ಅವನ ಹೆಸರೇ ಬದಲಾಗಿತ್ತು. ಎಲ್ಲರೂ ‘ಏ ಉಳ್ಳಾಗಡ್ಡಿ’ ಅಂತಲೇ ಕರೆಯುತ್ತಿದ್ದರು. ನನ್ನನ್ನು ನೋಡಿ ಸಂದಿಯಲ್ಲಿ ಸರಿದುಹೋದ. ಆ ಆಟದ ಪೆಟ್ಟಿಗೆ ಹೊತ್ತು ತಿರುಗಿದವನು ನಾನೂ ಹೌದಲ್ವಾ.

ಇನ್ನು ಸ್ವಸಮ್ಮೋಹನಕ್ಕೆ ಬರೋಣ. ಹೆಸರು ದೊಡ್ಡದು, ಕೆಲಸ ಚಿಕ್ಕದು. 1841ರಲ್ಲಿ ಮ್ಯಾಂಚೆಸ್ಟರಿನ ಜೇಮ್ಸ್ ಬ್ರೇಡ್ ಅನ್ನುವ ಸರ್ಜನ್ ಇಂಥದ್ದೇ ಒಂದು ಸ್ಟೇಜ್ ಆಟ ನೋಡಿ, ಇದರಲ್ಲಿ ಮೋಸ ಎಲ್ಲಿದೆ ಹುಡುಕೋಣ ಅಂತ ಹೊರಟ. ಮನೆಗೆ ಬಂದು ಹೆಂಡತಿಯನ್ನು, ಗೆಳೆಯನನ್ನು ಕೂರಿಸಿ ಒಂದೇ ವಸ್ತುವನ್ನು ದಿಟ್ಟಿಸಿ ನೋಡಲು ಹೇಳಿದ. ಕಣ್ಣು ಸೋತು ತಾನೇ ಮುಚ್ಚಿತು. ಯಾರ ಮೈಯಿಂದಲೂ ಯಾವ ಶಕ್ತಿಯೂ ಹರಿಯುತ್ತಿಲ್ಲ, ಗಮನ ಒಂದೇ ಕಡೆ ನಿಂತರೆ ಸಾಕು ಅಂದ. ಹಾಗಿದ್ದ ಮೇಲೆ ಅದನ್ನು ಬೇರೆಯವರೇ ಮಾಡಿಸಬೇಕು ಅಂತೇನಿಲ್ಲ. ಆಮೇಲೆ ಫ್ರಾನ್ಸಿನಲ್ಲಿ ಎಮಿಲ್ ಕೂಯೆ ಅಂತ ಒಬ್ಬ ಔಷಧಿ ಅಂಗಡಿಯವನು. ‘ದಿನದಿಂದ ದಿನಕ್ಕೆ ಎಲ್ಲ ರೀತಿಯಲ್ಲೂ ಸುಧಾರಿಸುತ್ತಿದ್ದೇನೆ’ ಅಂತ ಬೆಳಿಗ್ಗೆ, ರಾತ್ರಿ ಇಪ್ಪತ್ತು ಸಲ ಗುನುಗಿಕೊಳ್ಳಿ ಅಂದ. ಎಣಿಸಲು ಇಪ್ಪತ್ತು ಗಂಟು ಹಾಕಿದ ದಾರ. ನಮ್ಮ ಅವ್ವ ಇದನ್ನು ಕೇಳಿ ‘ಜಪಮಣಿ ಅಲ್ಲೇನೋ ಅದು?’ ಅಂದರು. ಹೌದು, ಹೆಚ್ಚು ಕಡಿಮೆ ಅದೇ.

ನನ್ನ ಮೊದಲ ಶಿಷ್ಯೆ ಆ ಟೈಪಿಂಗ್ ಹುಡುಗಿಯೇ. ಮಷಿನ್ ಮುಂದೆ ಕೂರಿಸಿ, ಕಣ್ಣಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಗೋಡೆಗೆ ಸೀಮೆಸುಣ್ಣದ ಚುಕ್ಕೆ ಇಟ್ಟು, ಅದನ್ನೇ ನೋಡಲು ಹೇಳಿದೆ. ಉಸಿರು ಬಿಡುವಾಗೊಮ್ಮೆ ಒಂದು ಅಂಕೆ, ಹತ್ತರಿಂದ ಕೆಳಗೆ. ಕಣ್ಣು ಮುಚ್ಚಿದ ಮೇಲೆ ಒಂದೇ ಮಾತು: ‘ಗಂಟೆ ಬಾರಿಸಿದಾಗ ನನ್ನ ಬೆರಳು ಬೆಚ್ಚಗಿರುತ್ತವೆ.’ ಹೆದರಬೇಡ, ನಡುಗಬೇಡ ಅನ್ನುವ ‘ಬೇಡ’ಗಳನ್ನು ಸೇರಿಸಲಿಲ್ಲ, ಬೇಡ ಅಂದದ್ದೇ ತಲೆಯಲ್ಲಿ ಕೂರುತ್ತದೆ. ಆಮೇಲೆ ನಾನೇ ಸ್ಟೀಲ್ ತಟ್ಟೆ ಬಾರಿಸುತ್ತಿದ್ದೆ, ಅವಳು ಹೊಡೆಯಲು ಶುರು ಮಾಡುತ್ತಿದ್ದಳು. ಎರಡು ತಿಂಗಳು ಇಷ್ಟೇ. ಪಾಸಾದಳು. ಅದು ಸಮ್ಮೋಹನದಿಂದಲೋ, ಅಷ್ಟು ಸಲ ತಟ್ಟೆ ಬಾರಿಸಿದ್ದರಿಂದಲೋ ನೀವು ಕೇಳಬಹುದು. ಎರಡೂ ಅಂತಲೇ ನನ್ನ ಅನಿಸಿಕೆ.

ಕಂಪ್ಯೂಟರ್ ಬಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿತು. ಆದರೆ ಸಪ್ತಾಪುರದಲ್ಲಿ ಓದುವವರಿಗೆ ಬರವಿಲ್ಲ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಉತ್ತರ ಕರ್ನಾಟಕದ ಅರ್ಧ ಹುಡುಗರು ಇಲ್ಲೇ ರೂಮು ಮಾಡಿಕೊಂಡಿರುತ್ತಾರೆ. ನನಗೆ ಬರುವವರು ಅವರೇ ಜಾಸ್ತಿ.

ಶುರುವಿನಲ್ಲಿ ಇಂಗ್ಲಿಷ್ ಪುಸ್ತಕದಿಂದ ಇಳಿಸಿಕೊಂಡ ಕನ್ನಡ ಓದುತ್ತಿದ್ದೆ. ‘ನಿಮ್ಮ ಕಣ್ಣುರೆಪ್ಪೆಗಳು ಭಾರವಾಗುತ್ತಿವೆ’ ಅಂದರೆ ಹಿಂದಿನ ಸಾಲಿನವರು ಕಿಸಕ್ಕನೆ ನಗುತ್ತಿದ್ದರು. ಆಕಾಶವಾಣಿ ವಾರ್ತೆ ಕೇಳಿ ಯಾರಿಗೆ ಮೈ ಸಡಿಲಾಗುತ್ತೆ ಹೇಳಿ. ಒಂದು ದಿನ ಬೇಸತ್ತು ಮನೆಯಲ್ಲಿ ಮಾತಾಡುವ ಹಾಗೇ ಅಂದೆ: ‘ಕಣ್ಣು ಜಡಾ ಆಗಾಕತ್ತಾವ. ಆಗ್ಲಿ ಬಿಡು. ಕೈ ಜಡಾ ಆಗ್ಯಾವ, ಜ್ವಾಳದ ಚೀಲ ಇಟ್ಟಂಗ.’ ನಗು ನಿಂತಿತು. ತಲೆಗಳು ಒಂದೊಂದಾಗಿ ವಾಲಿದವು. ಇಪ್ಪತ್ತು ವರ್ಷದಲ್ಲಿ ನಾನು ಸ್ವಂತವಾಗಿ ಕಂಡುಹಿಡಿದದ್ದು ಅಂತ ಏನಾದರೂ ಇದ್ದರೆ ಇದೊಂದೇ. ಅವ್ವ ಜೋಗುಳ ಹಾಡಿದ ಭಾಷೆಯಲ್ಲೇ ಹೇಳಬೇಕು.

ಪುಸ್ತಕದಲ್ಲಿ ಸಮುದ್ರದ ದಂಡೆ ಕಲ್ಪಿಸಿಕೊಳ್ಳಿ ಅಂತ ಬೇರೆ ಇರುತ್ತದೆ. ಗಜೇಂದ್ರಗಡದ ಹುಡುಗನಿಗೆ ಸಮುದ್ರ ಎಲ್ಲಿಂದ ತರೋದು? ನಾನು ಅದನ್ನು ತೆಗೆದು ಲಕ್ಕುಂಡಿಯ ಮುಸುಕಿನ ಬಾವಿ ಇಟ್ಟೆ. ಗದಗಿನ ಹತ್ತಿರ, ಚಾಲುಕ್ಯರ ಕಾಲದ್ದು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಾವಿ, ಸುತ್ತ ಪುಟ್ಟ ಪುಟ್ಟ ಗೂಡು. ಒಂದೊಂದು ಮೆಟ್ಟಿಲಿಗೆ ಒಂದೊಂದು ಅಂಕೆ, ಇಳಿದಷ್ಟೂ ತಂಪು. ಚೆನ್ನಾಗಿದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಒಂದು ಸಂಜೆ ಆರನೇ ಮೆಟ್ಟಿಲಲ್ಲಿ ಒಬ್ಬ ಹುಡುಗಿ ಫಟ್ಟನೆ ಕಣ್ಣು ಬಿಟ್ಟಳು. ‘ಸರ, ನಮ್ಮ ಕಾಕಾ ಬಾವ್ಯಾಗ ಬಿದ್ದು ಹೋಗ್ಯಾರ್ರೀ. ನಾ ಇಳಿಯೂದಿಲ್ಲ.’ ಅವತ್ತಿನಿಂದ ಯಾವ ಜಾಗ ನಿನಗೆ ಹಿತ ಅಂತ ಮೊದಲೇ ಕೇಳುತ್ತೇನೆ. ಒಬ್ಬ ಅಜ್ಜನ ಹೊಲದ ಬೇವಿನ ಮರ ಅಂದ. ಇನ್ನೊಬ್ಬ ಉಣಕಲ್ ಕೆರೆ ದಂಡೆ ಅಂದ. ಒಬ್ಬನಂತೂ ಚಿಗರಿ ಬಸ್ಸಿನ ಏಸಿ ಅಂದ. ಆಗಲಿ, ನನಗೇನು.

ಗಿರಣಿ ಕಥೆ ಹೇಳಲೇಬೇಕು. ಸಂಜೆ ಆರಕ್ಕೆ ಕ್ಲಾಸು, ಕೆಳಗೆ ಆರಕ್ಕೇ ಜೋಳ ಬೀಸುವವರ ಸಾಲು. ಕೋಣೆಯ ನೆಲವೇ ಗುಂಯ್ ಅನ್ನುತ್ತದೆ, ಪ್ಲಾಸ್ಟಿಕ್ ಕುರ್ಚಿಯ ಕಾಲಿನಿಂದ ಬೆನ್ನಿಗೆ ಏರುತ್ತದೆ, ಕಿಟಕಿ ತೆರೆದರೆ ಬಿಸಿ ಹಿಟ್ಟಿನ ವಾಸನೆ. ನಾನು ಗಿರಣಿಯವರ ಜೊತೆ ಎರಡು ವರ್ಷ ಜಗಳ ಕಾದೆ. ಆಮೇಲೆ ಒಬ್ಬೊಬ್ಬರಾಗಿ ಹುಡುಗರು ಬಂದು ‘ಸರ, ಇಲ್ಲಿ ಛಲೋ ಆಗ್ತದ್ರೀ, ಮನ್ಯಾಗ ಗಿರಣಿ ಇಲ್ರೀ, ಆಗವಲ್ದು’ ಅನ್ನತೊಡಗಿದರು. ಆ ಗುಂಯ್ ಸದ್ದಿಗೇ ಅವರ ಮೈ ಒಗ್ಗಿಬಿಟ್ಟಿತ್ತು. ಅದೇ ಹೊತ್ತಿಗೆ ನಾನು ನನ್ನ ದನಿಯ ಕ್ಯಾಸೆಟ್ ಮಾಡಿ 40 ರೂಪಾಯಿಗೆ ಮಾರುತ್ತಿದ್ದೆ, ಚೆನ್ನಾಗಿ ಹೋಗುತ್ತಿತ್ತು. ಗಿರಣಿ ಇಲ್ಲದೆ ಆಗದವರನ್ನು ನೋಡಿದಾಗ ಹೊಳೆಯಿತು, ಕ್ಯಾಸೆಟ್ ಇಲ್ಲದೆ ಆಗದವರೂ ಇದ್ದಾರೆ ಅಂತ. ಪರೀಕ್ಷೆ ಹಾಲಿನಲ್ಲಿ ಗಿರಣಿಯೂ ಇರಲ್ಲ, ನಾನೂ ಇರಲ್ಲ. ‘ಸ್ವ’ ಅಂತ ಹೆಸರಿಟ್ಟುಕೊಂಡು ನನ್ನ ದನಿ ಮಾರುತ್ತಿದ್ದೆ. ಕ್ಯಾಸೆಟ್ ನಿಲ್ಲಿಸಿದೆ. ಆ ವರ್ಷ ಆದಾಯ ಅರ್ಧಕ್ಕೆ ಇಳಿಯಿತು, ಮನೆಯಲ್ಲಿ ಒಂದು ವಾರ ಮಾತಿರಲಿಲ್ಲ.

ಈಗ ಆರು ವಾರದ ಕ್ಲಾಸು. ಮೊದಲ ಎರಡು ವಾರ ನಾನು ಮಾತಾಡುತ್ತೇನೆ. ಮೂರನೇ ವಾರ ಅವರು ತಮ್ಮ ಮಾತು ತಾವೇ ಬರೆದುಕೊಂಡು ಬರಬೇಕು. ಆಮೇಲೆ ನಾನು ಸುಮ್ನೆ ಕೂತಿರುತ್ತೇನೆ. ಕೊನೇ ಕ್ಲಾಸು ಬಸ್ ಸ್ಟ್ಯಾಂಡಿನಲ್ಲಿ. ಕಂಡಕ್ಟರ್ ಕೂಗುತ್ತಿರುತ್ತಾನೆ, ಯಾರೋ ಗಿರ್ಮಿಟ್ ತಿನ್ನುತ್ತಿರುತ್ತಾರೆ, ಅದರ ನಡುವೆ ಬೆಂಚಿನ ಮೇಲೆ ಕೂತು ಹತ್ತರಿಂದ ಒಂದಕ್ಕೆ ಇಳಿದು, ಒಂದರಿಂದ ಐದಕ್ಕೆ ಎದ್ದು ಬರಬೇಕು. ಅಷ್ಟು ಮಾಡಿದರೆ ಪಾಸು. ಅದಕ್ಕೇ ನನ್ನ ಹತ್ತಿರ ಹಳೇ ಗಿರಾಕಿಗಳು ಅಂತ ಇಲ್ಲ. ಚೆನ್ನಾಗಿ ಕಲಿತವರು ಮತ್ತೆ ಬರೋದೇ ಇಲ್ಲ.

ಈಗ ನನ್ನ ತಪ್ಪು. 2009ರಲ್ಲಿ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದ ಹುಡುಗ, ನೋವು ಹೇಗೆ ಕಡಿಮೆ ಮಾಡಿಕೊಳ್ಳೋದು ಕಲಿಸಿ ಅಂದ. ಓಟದಲ್ಲಿ ಕಾಲು ನೋಯುತ್ತಂತೆ. ಕಲಿಸಿದೆ. ಕೈ ಮರಗಟ್ಟಿದ ಹಾಗೆ ಭಾವಿಸಿ, ಆ ಕೈಯನ್ನು ನೋವಿರುವ ಕಡೆ ಇಟ್ಟುಕೊಳ್ಳುವುದು. ಅವನಿಗೆ ಬೇಗ ಬಂತು, ಅವನು ಆ ಬೆರಳು ಬಿಡದವರ ಜಾತಿ. ತಿಂಗಳ ನಂತರ ಹೊಟ್ಟೆ ನೋವು ಶುರುವಾಗಿದೆ, ಬಲಗಡೆ ಕೆಳಗೆ. ಎರಡು ದಿನ ಕೈ ಇಟ್ಟುಕೊಂಡು ರೂಮಿನಲ್ಲಿ ಮಲಗಿದ್ದಾನೆ. ಅಪೆಂಡಿಕ್ಸ್. ರೂಮ್‌ಮೇಟ್ ಮೈ ಮುಟ್ಟಿ ಜ್ವರ ನೋಡಿ ಎತ್ತಿಕೊಂಡು ಹೋಗದಿದ್ದರೆ ಕಷ್ಟವಿತ್ತು. ಆಪರೇಷನ್ ಆಗಿ ಬದುಕಿದ. ಆಸ್ಪತ್ರೆಯಲ್ಲಿ ಅವರಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ, ಚಹಾ ತರಿಸಿಕೊಟ್ಟರು. ಬೈದಿದ್ದರೆ ಸಲೀಸಾಗಿರುತ್ತಿತ್ತು.

ಸಮ್ಮೋಹನದಿಂದ ಹೊಟ್ಟೆಯ ಕೆಲವು ತೊಂದರೆಗೆ ಉಪಯೋಗ ಇದೆ ಅನ್ನುವುದು ಸುಳ್ಳಲ್ಲ. ಅದೇ ಮ್ಯಾಂಚೆಸ್ಟರಿನಲ್ಲಿ ಪೀಟರ್ ವೋರ್‌ವೆಲ್ ಅನ್ನುವ ವೈದ್ಯರು 1984ರಲ್ಲಿ, ಕರುಳು ಕೆರಳುವ ಐಬಿಎಸ್ ಕಾಯಿಲೆಯವರ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾರೆ. ಆದರೆ ಅಲ್ಲಿ ಕಾಯಿಲೆ ಯಾವುದು ಅಂತ ಡಾಕ್ಟರು ಮೊದಲೇ ಪತ್ತೆ ಹಚ್ಚಿರುತ್ತಾರೆ. ನಾನು ಹಚ್ಚಿರಲಿಲ್ಲ. ಈಗ ನೋವಿನ ಪಾಠ ಕೇಳಿದವರಿಗೆ ಡಾಕ್ಟರ ಚೀಟಿ ತನ್ನಿ ಅನ್ನುತ್ತೇನೆ. ಫಿಟ್ಸ್ ಇರುವವರು, ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಅನ್ನುವವರು, ಸಾಯಬೇಕು ಅನ್ನಿಸುತ್ತೆ ಅನ್ನುವವರು ಬಂದರೆ ಕ್ಲಾಸಿಗೆ ಸೇರಿಸಿಕೊಳ್ಳುವುದಿಲ್ಲ. ಮಾನಸಿಕ ಕಾಯಿಲೆಗಳ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೇ ಊರಲ್ಲಿದೆ, ಗಾಡಿಯಲ್ಲಿ ಕೂರಿಸಿಕೊಂಡು ನಾನೇ ಬಿಟ್ಟು ಬಂದದ್ದೂ ಇದೆ. ಪೂರ್ವಜನ್ಮ ತೋರಿಸಿ ಅಂತ ಬರುವವರಿಗೆ ಚಹಾ ಕುಡಿಸಿ ಕಳಿಸುತ್ತೇನೆ. ಆ ಸ್ಥಿತಿಯಲ್ಲಿ ಕೇಳಿದ್ದನ್ನು ಮನಸ್ಸು ಹುಟ್ಟಿಸಿ ಕೊಡುತ್ತದೆ, ಆಮೇಲೆ ಅದನ್ನೇ ನೆನಪು ಅಂತ ನಂಬುತ್ತದೆ. ದುಡ್ಡು ಇರುವುದು ಅದರಲ್ಲೇ, ಅದೂ ನಿಜ.

ನನ್ನ ಫೀ ಈಗ ಆರು ವಾರಕ್ಕೆ 1,500. ಬ್ಯಾಚಿಗೆ ಎಂಟೊಂಬತ್ತು ಜನ, ಅದರಲ್ಲಿ ಇಬ್ಬರು ‘ಮುಂದಿನ ತಿಂಗಳು ಕೊಡ್ತೀನ್ರಿ’ ಅನ್ನುವವರು. ಲೆಕ್ಕ ನೀವೇ ಹಾಕಿ.

ಆ 25,000ದ ಕೋರ್ಸಿನವರಿಗೆ ಒಂದು ಫೋನ್ ಮಾಡಿ ಎರಡು ಮಾತು ಕೇಳಿ. ನಿಮ್ಮ ಹತ್ತಿರ ಕಲಿತವರಲ್ಲಿ ಈಗ ನಿಮ್ಮ ಹತ್ತಿರ ಬರದೇ ಇರುವವರು ಎಷ್ಟು ಜನ? ಯಾರನ್ನು ನೀವು ಸೇರಿಸಿಕೊಳ್ಳುವುದಿಲ್ಲ? ಎರಡನೇದಕ್ಕೆ ‘ಎಲ್ಲರನ್ನೂ ಸೇರಿಸಿಕೊಳ್ತೀವಿ’ ಅಂದರೆ ಫೋನ್ ಇಡಿ. ಎರಡು ದಿನದಲ್ಲಿ ಕಣ್ಣು ಮುಚ್ಚುವುದನ್ನು ಕಲಿಯಬಹುದು, ಬಾವಿಯಲ್ಲಿ ಕಾಕಾ ಬಿದ್ದಿದ್ದಾರಾ ಅಂತ ಕೇಳುವುದನ್ನು ಕಲಿಯೋಕಾಗಲ್ಲ. ನಿಮಗಾಗಿಯೇ ಕಲಿಯೋದಾದರೆ ಮೇಲೆ ಬರೆದ ಚುಕ್ಕೆ, ಹತ್ತು ಅಂಕೆ, ಒಂದು ಮಾತು ಸಾಕು, ದಿನಕ್ಕೆ ಹತ್ತು ನಿಮಿಷ, ಕುರ್ಚಿ ಮೇಲೆ, ಗಾಡಿ ಮೇಲಲ್ಲ. ಮಲಗಿ ಮಾಡಿದರೆ ನಿದ್ದೆ ಬರುತ್ತೆ, ಬಂದರೆ ತಪ್ಪೇನಿಲ್ಲ.

ಮುಂಗಡ ಏನೂ ಕೊಟ್ಟಿಲ್ಲ ತಾನೇ?