ರಕೂನ್ ತೊಗಲಿನ ಕತ್ತಿನ ಜಿಡ್ಡು, ಬಾಲದ ವಾಸನೆ

ನಮಸ್ಕಾರ. ಒಣಗಲೆಂದು ಹಲಗೆಗೆ ಏರಿಸಿದ ನಿಮ್ಮ ಮೊದಲ ರಕೂನ್ (ಉತ್ತರ ಅಮೆರಿಕ ಮೂಲದ, ದಟ್ಟ ರೋಮದ ಕಾಡುಪ್ರಾಣಿ) ತೊಗಲು ಕತ್ತಿನ ಬಳಿ ಜಿಡ್ಡು ಜಿನುಗಿಸುತ್ತಿದೆ, ಬಾಲ ನಾರುತ್ತಿದೆ, ಇನ್ನಷ್ಟು ಎಳೆದು ಬಿಗಿದರೆ ಸರಿಹೋಗುವುದೇ ಎಂದು ಕೇಳಿದ್ದೀರಿ. ಎಳೆಯುವುದರಿಂದ ಪ್ರಯೋಜನವಿಲ್ಲ, ಅತಿಯಾಗಿ ಎಳೆದರೆ ರೋಮ ವಿರಳವಾಗಿ ಕಂಡು ತೊಗಲಿನ ಬೆಲೆಯೇ ಇಳಿಯುತ್ತದೆ.

ರಕೂನ್ ಚಳಿಗಾಲಕ್ಕೆಂದು ಮೈತುಂಬ ಕೊಬ್ಬು ಕೂಡಿಡುವ ಪ್ರಾಣಿ. ಕತ್ತಿನ ಹಿಂಭಾಗದಿಂದ ಭುಜದವರೆಗೆ ಹರಡಿರುವ, ಕೊಬ್ಬು ಸೇರಿದ ಗಟ್ಟಿ ಪದರವನ್ನು ಹೊಸಬರು ಚರ್ಮವೆಂದೇ ಭಾವಿಸಿ ಬಿಟ್ಟುಬಿಡುತ್ತಾರೆ; ಜಿಡ್ಡು ಜಿನುಗುವುದು ಅದರಿಂದಲೇ. ತೊಗಲು ಇನ್ನೂ ಮೆತ್ತಗಿದ್ದರೆ ಹಲಗೆಯಿಂದ ಇಳಿಸಿ, ಇಳಿಜಾರಾದ ಮರದ ದಿಮ್ಮಿಯ ಮೇಲೆ ಹಾಕಿ, ಎರಡು ಹಿಡಿಯ ಕತ್ತಿಯಿಂದ ಕಿವಿಗಳ ಹಿಂದಿನಿಂದ ಕೆಳಮುಖವಾಗಿ ಆ ಪದರವನ್ನು ತೆಗೆಯಿರಿ. ಹೊಟ್ಟೆಯ ಭಾಗ ತೆಳುವಾದ್ದರಿಂದ ಅಲ್ಲಿ ಕೈ ಹಗುರವಾಗಿರಲಿ. ರೋಮದ ಬೇರು ಕತ್ತರಿಸಿದರೆ ಕೂದಲು ಉದುರುತ್ತದೆ. ಬಾಲವನ್ನು ಕೆಳಬದಿಯಲ್ಲಿ ತುದಿಯವರೆಗೂ ಸೀಳಿ, ಕೊಬ್ಬು ಕೆರೆದು, ಬಿಡಿಸಿ ಮೊಳೆ ಹೊಡೆಯಿರಿ. ಆದರೆ ಅಲ್ಲಿ ಕೂದಲು ಕಿತ್ತುಬರುತ್ತಿದ್ದರೆ ಅಷ್ಟು ಭಾಗ ಉಳಿಯದು.

ಬಳಿಕ ರೋಮ ಒಳಗೂ ಚರ್ಮ ಹೊರಗೂ ಇರುವಂತೆ ಮತ್ತೆ ಏರಿಸಿ, ಗಾಳಿಯಾಡುವ ತಂಪು ಜಾಗದಲ್ಲಿ ಒಣಗಿಸಿ. ಒಲೆಯ ಬಳಿ ಇಟ್ಟರೆ ಉಳಿದ ಕೊಬ್ಬು ಕರಗಿ ಚರ್ಮವನ್ನು ಸುಡುತ್ತದೆ. ಅಂದಹಾಗೆ, ಕೈಗವಸು ತಪ್ಪಿಸಬೇಡಿ: ರಕೂನಿನ ಮಲದಲ್ಲಿರುವ ದುಂಡುಹುಳುವಿನ ಮೊಟ್ಟೆಗಳು ರೋಮಕ್ಕೂ ಅಂಟಿರಬಹುದು, ಅವು ಬಾಯಿಗೆ ಹೋದರೆ ಹೊರಬರುವ ಮರಿಹುಳುಗಳು ಮನುಷ್ಯರ ಮಿದುಳಿಗೂ ಹಾನಿ ಮಾಡಬಲ್ಲವು.